ನಾಲ್ಕನೇ ಪಾತಿಗೆ ಬಿಸಿಲಿಲ್ಲ

ಜುಲೈ 20

ಅಪ್ಪಾ,

ಸ್ಕೂಲ್ ಹಾಸ್ಟೆಲಿನಲ್ಲಿ ನಮ್ಮ ಕಾಗದಗಳನ್ನೆಲ್ಲ ವಾರ್ಡನ್ ಓದಿದ ಮೇಲೇ ಅಂಟಿಸುತ್ತಿದ್ದರು. ಹಾಗಾಗಿ ಅಷ್ಟೂ ವರ್ಷ ಪ್ರತಿ ಭಾನುವಾರ "ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ" ಎಂದೇ ಬರೆದೆ. ಈ ಕಾಲೇಜಿನಲ್ಲಿ ಯಾರ ಕಾಗದವನ್ನೂ ಯಾರೂ ಓದುವುದಿಲ್ಲ. ಅದಕ್ಕೇ ನಿಜ ಬರೆಯುತ್ತಿದ್ದೇನೆ. ನಾನು ಕ್ಷೇಮವಾಗಿಲ್ಲ.

ಜ್ವರ ಗಿರ ಏನೂ ಇಲ್ಲ, ನೀನು ಗಾಬರಿಯಾಗಬೇಡ. ಗಾಬರಿ ನನ್ನ ಡಿಪಾರ್ಟ್‌ಮೆಂಟು. ಸ್ಕೂಲಿನಲ್ಲಿ ಏಳುವುದಕ್ಕೆ, ತಿನ್ನುವುದಕ್ಕೆ, ಮಲಗುವುದಕ್ಕೆ ಎಲ್ಲಕ್ಕೂ ಗಂಟೆ ಹೊಡೆಯುತ್ತಿದ್ದರು. ಇಲ್ಲಿ ಯಾರೂ ಏನನ್ನೂ ಹೊಡೆಯುವುದಿಲ್ಲ. ಮೆಸ್ಸಿಗೆ ಹೋದರೆ ಯಾರ ಪಕ್ಕ ಕೂರಬೇಕೋ ತಿಳಿಯದೆ, ತಟ್ಟೆ ಹಿಡಿದುಕೊಂಡು ಒಂದು ಸುತ್ತು ಹಾಕಿ, ಕೈ ತೊಳೆಯಲು ಮರೆತವಳ ಹಾಗೆ ನಟಿಸಿ ಹೊರಗೆ ಬಂದುಬಿಡುತ್ತೇನೆ. ಲ್ಯಾಬಿನಲ್ಲಿ ಒಂದು ಗಾಜಿನ ಕೊಳವೆ ಒಡೆದೆ. ರೂಮಿನಲ್ಲಿ ನನ್ನ ಜೊತೆ ಮ್ಯಾಥ್ಸ್ ಹುಡುಗಿ ಒಬ್ಬಳಿದ್ದಾಳೆ. "ಲೈಟ್ ಆಫ್ ಮಾಡ್ಲಾ?" ಎನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ. ನಾನವಳಿಗೆ ಮನಸ್ಸಿನಲ್ಲೇ ಸ್ವಿಚ್ ಬೋರ್ಡ್ ಎಂದು ಹೆಸರಿಟ್ಟಿದ್ದೇನೆ.

ಎರಡನೇ ವರ್ಷಕ್ಕೆ ನಿಮ್ಮೂರಿನ ಕಾಲೇಜಿಗೆ ಬದಲಾಯಿಸಿಕೊಳ್ಳಬಹುದಂತೆ, ಆಫೀಸಿನಲ್ಲಿ ಕೇಳಿದೆ. ಮುಂದಿನ ವರ್ಷಕ್ಕೆ ಈ ರೂಮು ಬೇಕೋ ಬೇಡವೋ ಎಂದು ಜನವರಿ ಮುಗಿಯುವುದರೊಳಗೆ ಹೇಳಬೇಕು. ನಾನು ಮನೆಗೆ ಬಂದುಬಿಡಲಾ ಅಪ್ಪ?

ಫೋನಿನಲ್ಲೇ ಕೇಳಬೇಕೆಂದಿದ್ದೆ. ನೀನು "ಊಟ ಆಯ್ತಾ" ಅಂದೆ, ನಾನು "ಆಯ್ತು, ನಿಂದು?" ಅಂದೆ, ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿದೇ ಹೋಯಿತು. ಬೇಡ ಅನ್ನುವುದಾದರೂ ಬರೆದು ಹೇಳು.

ಉತ್ತರಕ್ಕೆ ಕಾದಿರುವ,
ಗುಂಡಿ


ಆಗಸ್ಟ್ 2

ಗುಂಡೀ,

ಕಾಗದ ಬಂತು. ನಾನು ಓದಿ, ನಿಮ್ಮಮ್ಮನಿಗೂ ಓದಿ ಹೇಳಿದೆ. ಯೋಚಿಸುತ್ತಿದ್ದೇನೆ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನಾನು ಎಷ್ಟು ಹೊತ್ತು ಸುಮ್ಮನೆ ನೋಡುತ್ತ ನಿಲ್ಲುತ್ತೇನೆಂದು ನಿನಗೆ ಗೊತ್ತಲ್ಲ. "ಟೈಲರ್ರೇ, ಧ್ಯಾನ ಮುಗೀತಾ?" ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಸ್ವಲ್ಪ ತಾಳು.

ಲ್ಯಾಬಿನ ಕೊಳವೆಗೆ ತಲೆ ಕೆಡಿಸಿಕೊಳ್ಳಬೇಡ. ಕಲಿಯುವಾಗ ನಾನು ಒಬ್ಬರ ಕೋಟಿಗೆ ಎರಡೂ ಎಡಗೈ ತೋಳನ್ನೇ ಹೊಲಿದಿದ್ದೆ.

ಇಲ್ಲಿ ಒಂದು ಅನಾಹುತವಾಗಿದೆ. ಟೊಮೇಟೊ ಗಿಡಗಳು ಬೆಳಗ್ಗೆ ನೆಟ್ಟಗಿದ್ದವು ಮಧ್ಯಾಹ್ನಕ್ಕೆ ತಲೆ ಬಗ್ಗಿಸುತ್ತವೆ. ಸಂಜೆ ನೀರು ಹಾಕಿದರೆ ಎದ್ದ ಹಾಗೆ ಮಾಡುತ್ತವೆ, ಮರುದಿನ ಮತ್ತೆ ಅದೇ ಕಥೆ. ಒಂದೊಂದಾಗಿ ಎಲ್ಲ ಹೋದವು. ಹೋದ ವರ್ಷ ಇದೇ ಪಾತಿಯಲ್ಲಿ ಬಂದ ಹಣ್ಣು ಬೀದಿಗೆಲ್ಲ ಹಂಚಿದರೂ ಮುಗಿದಿರಲಿಲ್ಲ. ನಿಮ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ ಕೇಳಿದಳು: "ಹೋದ ವರ್ಷದ ಜಾಗಕ್ಕೇ ಮತ್ತೆ ಹಾಕಿದ್ರಾ? ಇಪ್ಪತ್ತು ವರ್ಷದಿಂದ ತೋಟ ಮಾಡ್ತಿದೀನಿ ಅಂತೀರಲ್ಲ, ಇಷ್ಟೂ ಗೊತ್ತಿಲ್ವಾ?"

ಗೊತ್ತಿಲ್ಲ. ಯಾಕೆ ಗೊತ್ತಿಲ್ಲವೆಂದು ಆಮೇಲೆ ಹೊಳೆಯಿತು. ಇಂಜಿನಿಯರಾಗಿ ಅವಳು ಕಟ್ಟಿಸಿದ ಒಂದೊಂದು ಸೇತುವೆಗೆ ನಮಗೆ ಒಂದೊಂದು ಮನೆ. ಸೇತುವೆ ಎದ್ದ ಕೂಡಲೇ ನಾವೂ ಗಂಟುಮೂಟೆ ಕಟ್ಟಿದೆವು. ಅಗೆದೆ, ಬಿತ್ತಿದೆ, ಕೊಯ್ದೆ, ಹೊರಟೆ. ಇಪ್ಪತ್ತು ವರ್ಷದ ತೋಟವಲ್ಲ ಅದು. ಒಂದೇ ವರ್ಷದ ತೋಟವನ್ನು ಬೇರೆ ಬೇರೆ ಊರಲ್ಲಿ ಮಾಡಿದ್ದು. ಈಗ ಅವಳಿಗೆ ಕಚೇರಿಯಲ್ಲಿ ಕುರ್ಚಿ ಸಿಕ್ಕಿ, ಮೊದಲ ಬಾರಿಗೆ ಒಂದೇ ಮನೆಯಲ್ಲಿ ಎರಡನೇ ವರ್ಷ. ಎರಡನೇ ವರ್ಷ ಮಣ್ಣು ಹೇಗಿರುತ್ತದೆಂದು ನಾನು ನೋಡಿಯೇ ಇರಲಿಲ್ಲ.

ನಿನ್ನ ಬಾಟನಿ ಏನನ್ನುತ್ತದೆ? ಅಡುಗೆಮನೆಯ ಹಿಂದೆ ಸಾಲಾಗಿ ನಾಲ್ಕು ಪಾತಿ. ಟೊಮೇಟೊ ಇದ್ದದ್ದು ಮೂರನೆಯದರಲ್ಲಿ. ಇನ್ನು ಎಲ್ಲೆಲ್ಲಿ ಏನೇನು ಹಾಕಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಊಟ ಮಾಡು. ತಟ್ಟೆ ಹಿಡಿದು ಸುತ್ತಬೇಡ, ಖಾಲಿ ಇದ್ದಲ್ಲಿ ಕೂತುಬಿಡು.

ಅಪ್ಪ


ಆಗಸ್ಟ್ 11

ಅಪ್ಪಾ,

ನಾನು ಕೇಳಿದ್ದಕ್ಕೆ ನೀನು ಉತ್ತರ ಹೇಳಲಿಲ್ಲ. ನೀನು ಕೇಳಿದ್ದಕ್ಕೆ ನಾನು ಹೇಳುತ್ತೇನೆ.

ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಮನೆತನ. ನೋಡಲು ಬೇರೆ ಬೇರೆ, ಆದರೆ ದಾಯಾದಿಗಳು. ಒಬ್ಬರ ಕಾಯಿಲೆ ಎಲ್ಲರಿಗೂ ಅಂಟುತ್ತದೆ. ಕಾಯಿಲೆ ಮಣ್ಣಿನಲ್ಲೇ ಉಳಿದು, ಮುಂದಿನ ವರ್ಷ ಅವರೇ ಬರಲಿ ಎಂದು ಕಾದಿರುತ್ತದೆ. ಆದ್ದರಿಂದ ಮುಂದಿನ ವರ್ಷ ಅಲ್ಲಿ ಅವರು ಇರಬಾರದು. ಇದನ್ನೇ ಬೆಳೆಗಳ ಸರದಿ ಅನ್ನುವುದು. ಲೈಬ್ರರಿಯಲ್ಲಿ ಒಂದು ಇಡೀ ಶನಿವಾರ ಕೂತು ಪ್ಲಾನ್ ಮಾಡಿದ್ದೇನೆ, ಚಿತ್ರವನ್ನು ಜೊತೆಗಿಟ್ಟಿದ್ದೇನೆ.

ಮೊದಲ ಪಾತಿಗೆ ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿ. ಕ್ಯಾರೆಟ್ ಬೀಜ ಮೊಳೆಯುವವರೆಗೂ ಮಣ್ಣು ಒಣಗಕೂಡದು. ನಲ್ಲಿ ಅಡುಗೆಮನೆ ಬಾಗಿಲ ಪಕ್ಕದಲ್ಲೇ ಇರುವುದರಿಂದ ನಿನಗೆ ಸುಲಭ. ಎರಡನೆಯದಕ್ಕೆ ಎಲೆಕೋಸು, ಹೂಕೋಸು. ಮೂರಕ್ಕೆ, ಅಂದರೆ ಟೊಮೇಟೊ ಸತ್ತಲ್ಲಿಗೆ, ಬೀನ್ಸ್ ಮತ್ತು ಅಲಸಂದೆ. ಅವುಗಳ ಬೇರಿನಲ್ಲಿ ಪುಟ್ಟ ಗಂಟುಗಳಿರುತ್ತವೆ, ಮಣ್ಣಿಗೆ ಸಾರ ಕೂಡಿಸುತ್ತವೆ. ಟೊಮೇಟೊ ಮತ್ತು ಮೆಣಸಿನಕಾಯಿ ನಾಲ್ಕನೆಯದಕ್ಕೆ. ಆ ಕಡೆ ಗೋಡೆಯಾಚೆ ಬರೀ ಬಯಲಲ್ಲವೇ, ಸಂಜೆಯವರೆಗೂ ಬಿಸಿಲು ಬೀಳುತ್ತದೆ. ರಜದಲ್ಲಿ ನಾನು ಅಲ್ಲೇ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಎಲ್ಲರೂ ಒಂದೊಂದು ಪಾತಿ ಮುಂದಕ್ಕೆ. ನಾಲ್ಕನೆಯವರು ಮೊದಲನೆಯದಕ್ಕೆ. ನಾಲ್ಕು ವರ್ಷಕ್ಕೆ ಒಂದು ಸುತ್ತು. ಆಗ ನಾನು ಎಲ್ಲಿರುತ್ತೇನೋ ಗೊತ್ತಿಲ್ಲ, ಮೆಣಸಿನಕಾಯಿ ಎಲ್ಲಿರುತ್ತದೆ ಎನ್ನುವುದು ಮಾತ್ರ ಗೊತ್ತು. ಈ ಪ್ಲಾನ್ ಮಾಡುವಾಗ ಒಂದು ಸಲವೂ ಎದೆ ಹೊಡೆದುಕೊಳ್ಳಲಿಲ್ಲ ಅಪ್ಪ. ಕಣ್ಣು ಮುಚ್ಚಿದರೆ ಮನೆ ಹಿತ್ತಿಲೇ ಕಾಣುತ್ತಿತ್ತು.

ನಿನ್ನ ತೋಟದ ಇಂಜಿನಿಯರ್,
ಗುಂಡಿ


ಸೆಪ್ಟೆಂಬರ್ 28

ಗುಂಡೀ,

ನೀನು ಬರೆದ ಹಾಗೆಯೇ ಎಲ್ಲ ಹಾಕಿದ್ದೇನೆ. ಚಿತ್ರವನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇನೆ. ಬೀನ್ಸ್ ಕೋಲು ಹತ್ತಿ, ಇನ್ನು ಹತ್ತಲು ಏನಿದೆ ಎಂದು ಗಾಳಿಯಲ್ಲಿ ಕೈ ಆಡಿಸುತ್ತಿದೆ. ಕ್ಯಾರೆಟ್ ಮೊಳೆತಿದೆ. ನೀರು ಹಾಕುವ ನೆಪದಲ್ಲಿ ನನಗೂ ಒಳ್ಳೆಯ ವ್ಯಾಯಾಮ, ದಿನವಿಡೀ ಕೂತು ಹೊಲಿಯುವವನಿಗೆ ಅದು ಬೇಕಿತ್ತು. ಟೊಮೇಟೊ ಗಿಡ ಆಗಲೇ ನನ್ನ ಸೊಂಟ ದಾಟಿದೆ. ಇಷ್ಟು ಬೇಗ ಇಷ್ಟು ಉದ್ದ ನಾನು ಎಂದೂ ಬೆಳೆಸಿರಲಿಲ್ಲ.

ನಿನ್ನ ಪ್ರಶ್ನೆ ಮರೆತಿಲ್ಲ. ನಿಮ್ಮಮ್ಮನ ಹತ್ತಿರ ಮಾತು ತೆಗೆದೆ. "ಅವಳು ಚಿಕ್ಕ ಮಗುವಲ್ಲ" ಅಂದಳು. ಅದು ಬರಲಿ ಅಂತಲೋ ಬೇಡ ಅಂತಲೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅಪ್ಪ


ಅಕ್ಟೋಬರ್ 9

ಅಪ್ಪಾ,

ಸೊಂಟದೆತ್ತರ! ಆ ಸಾಲನ್ನು ಎಷ್ಟು ಸಲ ಓದಿದೆನೋ. ಇಲ್ಲಿಗೆ ಬಂದಮೇಲೆ ನಾನು ಕೈ ಹಾಕಿದ ಒಂದೇ ಒಂದು ಕೆಲಸ ನೆಟ್ಟಗಾದದ್ದು ಇದು.

ಪ್ಲಾನಿನ ಇನ್ನೊಂದು ಪ್ರತಿ ಮಾಡಿ ಬಾಟನಿ ಮೇಡಂಗೆ ತೋರಿಸಿದೆ. ಅವರು ಅದನ್ನು ಡಿಪಾರ್ಟ್‌ಮೆಂಟಿನ ಬೋರ್ಡಿಗೆ ಚುಚ್ಚಿದರು. ಸ್ವಿಚ್ ಬೋರ್ಡ್ ಅದನ್ನು ನೋಡಿ ಬಂದು ರೂಮಿನಲ್ಲಿ "ಅದು ನಿಮ್ಮನೇನಾ? ಎಷ್ಟ್ ಚೆನ್ನಾಗಿದೆ" ಅಂದಳು. ನಾನು ನಲ್ಲಿ, ಗೋಡೆ, ಬಯಲು, ಕೂದಲು ಒಣಗಿಸುವ ಕಲ್ಲು ಎಲ್ಲ ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ಮೆಸ್ಸಿಗೆ ಬಂದು ಒಟ್ಟಿಗೇ ಕೂತು ಉಂಡಿದ್ದೂ ತಿಳಿಯಲಿಲ್ಲ.

ಆದರೆ ಹೇಳುವಾಗಲೇ ಮನಸ್ಸು ಗಟ್ಟಿಯಾಯಿತು. ನೀನಾಗಿ ಏನೂ ಹೇಳುವುದಿಲ್ಲ, ಆದ್ದರಿಂದ ನಾನೇ ತೀರ್ಮಾನ ಮಾಡಿದೆ. ನಾನು ಬರುತ್ತೇನೆ. ಡಿಸೆಂಬರ್ ರಜಕ್ಕೆ ಬಂದಾಗ ಅಲ್ಲಿನ ಕಾಲೇಜಿಗೆ ಹೋಗಿ ಕೇಳೋಣ. ಅಷ್ಟು ಹೊತ್ತಿಗೆ ಟೊಮೇಟೊ ಕೆಂಪಾಗಿರುತ್ತದೆ.

ಮನೆಯ ಕಡೆಗೇ ಮನಸ್ಸಿಟ್ಟ,
ಗುಂಡಿ


ಅಕ್ಟೋಬರ್ 21

ಮಗಳೇ,

ನಿಮ್ಮಪ್ಪ ಇದನ್ನು ಬರೆಯುವುದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಕಾಗದ ಬರೆದರೆ ಆಫೀಸಿನ ವರದಿಯ ಹಾಗಿರುತ್ತದೆ ಎಂದು ನೀನೇ ಹಿಂದೆ ನಕ್ಕಿದ್ದೆ. ಇದೂ ಹಾಗೇ ಇದೆ.

ನಿನ್ನ ಚಿತ್ರ ಚೆನ್ನಾಗಿದೆ, ಅಳತೆ ಸರಿಯಿದೆ. ಆದರೆ ಅದು ಈ ಮನೆಯಲ್ಲ. ರೈಲ್ವೆ ಗೇಟಿನ ಹತ್ತಿರ ಇದ್ದೆವಲ್ಲ, ನೀನು ಏಳನೇ ಕ್ಲಾಸಿನ ರಜ ಪೂರ್ತಿ ಕಳೆದದ್ದು, ಆ ಮನೆ. ಹಿತ್ತಿಲಿನ ನಲ್ಲಿ, ಆಚೆಯ ಬಯಲು, ಕಲ್ಲು ಎಲ್ಲ ಅಲ್ಲಿನವು. ಈ ಮನೆಗೆ ನೀನು ಬಂದಿರುವುದೇ ಎರಡು ಸಲ. ಒಂದು ಸಲ ಪರೀಕ್ಷೆಗೆ ಓದುತ್ತ ಒಳಗೇ ಇದ್ದೆ, ಇನ್ನೊಂದು ಸಲ ಪೆಟ್ಟಿಗೆ ಕಟ್ಟಿ ಕಾಲೇಜಿಗೆ ಹೊರಟೆ.

ಇಲ್ಲಿ ನಲ್ಲಿ ಇರುವುದು ಮುಂದಿನ ಗೇಟಿನ ಬಳಿ. ನಿಮ್ಮಪ್ಪ ಮನೆ ಸುತ್ತಿಕೊಂಡು ಬಕೆಟ್ ಹೊರುತ್ತಾರೆ. ಪಶ್ಚಿಮಕ್ಕೆ ಗೋಡೆಗೆ ತಾಗಿದ ಹಾಗೆ ಮೂರಂತಸ್ತಿನ ಕಟ್ಟಡವಿದೆ. ಮಧ್ಯಾಹ್ನದಿಂದ ನಾಲ್ಕನೇ ಪಾತಿಗೆ ಬಿಸಿಲಿಲ್ಲ. ಟೊಮೇಟೊ ಉದ್ದ ಬೆಳೆದಿರುವುದು ಬಿಸಿಲು ಹುಡುಕಿಕೊಂಡು. ಕಾಂಡ ಪೆನ್ಸಿಲಿನಷ್ಟಿದೆ. ಕಾಯಿ ಕಚ್ಚಿಲ್ಲ.

ಬೀಜ ಹಾಕುವ ಮುಂಚೆಯೇ "ಮಗುಗೆ ಒಂದ್ ಮಾತು ಬರೀರಿ, ತಿದ್ದಿ ಕಳಿಸ್ತಾಳೆ" ಅಂದೆ. "ಇರ್ಲಿ ಬಿಡೇ, ಅವಳು ಬರೆದ ಹಾಗೇ ಆಗ್ಲಿ" ಅಂದರು. ತಪ್ಪು ನಕ್ಷೆಯ ಮೇಲೆ ಕಟ್ಟುವುದನ್ನು ನೋಡುತ್ತ ಕೂರಲು ನನ್ನಿಂದಾಗದು.

ಮನೆಗೆ ಬರುವ ವಿಷಯ ನೀನೇ ತೀರ್ಮಾನಿಸು. ಆದರೆ ಯಾವ ಮನೆಗೆ ಎಂದು ನೋಡಿಕೊಂಡು ತೀರ್ಮಾನಿಸು.

ಅಮ್ಮ


ಅಕ್ಟೋಬರ್ 30

ಅಪ್ಪಾ,

ಅಮ್ಮನ ಕಾಗದ ಬಂತು. ನೀನೇ ಯಾಕೆ ಹೇಳಲಿಲ್ಲ?

ಬಿಸಿಲು ಸಿಗದ ಗಿಡ ಸಪೂರವಾಗಿ ಉದ್ದ ಬೆಳೆಯುತ್ತದೆ ಎಂದು ನಮಗೆ ಮೊದಲ ತಿಂಗಳೇ ಪಾಠವಾಗಿತ್ತು. ನೀನು "ಸೊಂಟ ದಾಟಿದೆ" ಎಂದು ಬರೆದಾಗ ನನಗೆ ಅನುಮಾನ ಬರಬೇಕಿತ್ತು. ನಾನು ಕುಣಿದೆ. ಆ ಚಿತ್ರ ಇನ್ನೂ ಬೋರ್ಡಿನಲ್ಲಿದೆ. ದಾರಿಯಲ್ಲಿ ಅದು ಕಾಣದಿರಲೆಂದು ಹಿಂದಿನ ಮೆಟ್ಟಿಲಿನಿಂದ ಕ್ಲಾಸಿಗೆ ಹೋಗುತ್ತಿದ್ದೇನೆ.

ಆಮೇಲೆ ಕೂತು ನೆನೆಸಿಕೊಳ್ಳಲು ನೋಡಿದೆ. ನಿಮ್ಮ ಈಗಿನ ಅಡುಗೆಮನೆಯ ಕಿಟಕಿ ಯಾವ ಕಡೆಗಿದೆ? ಗೊತ್ತಿಲ್ಲ. ನನ್ನ ಕಣ್ಣಿಗೆ ಕಾಣುವ ಮನೆಯಲ್ಲಿ ಹಿತ್ತಿಲು ರೈಲ್ವೆ ಗೇಟಿನದು, ಮೆಟ್ಟಿಲು ಅದಕ್ಕೂ ಹಿಂದಿನದು, ಬಚ್ಚಲಿನ ಹಸಿರು ಬಾಗಿಲು ಯಾವ ಊರಿನದೋ. ಇಷ್ಟು ತಿಂಗಳು ನಾನು ಓಡಿಬರಬೇಕೆಂದು ಅತ್ತಿದ್ದು ಆ ಮನೆಗೆ. ಅದು ಎಲ್ಲೂ ಇಲ್ಲ.

ನನಗೆ ಕೋಪ ಬಂದಿದೆ. ನಿನ್ನ ಮೇಲೋ, ಬಕೆಟ್ಟಿನ ಮೇಲೋ, ತಿಳಿಯುತ್ತಿಲ್ಲ. ನೀವು ಊರೂರು ಬದಲಾಯಿಸಿದಿರಿ, ನನ್ನನ್ನು ಮಾತ್ರ ಒಂದೇ ಕಡೆ ನೆಟ್ಟಿರಿ. ಯಾಕೆಂದು ನಾನು ಎಂದೂ ಕೇಳಲಿಲ್ಲ, ಯಾಕೆಂದರೆ ಭಾನುವಾರದ ಕಾಗದವನ್ನು ವಾರ್ಡನ್ ಓದುತ್ತಿದ್ದರು. ಈಗ ಕೇಳುತ್ತಿದ್ದೇನೆ.

ಗುಂಡಿ


ನವೆಂಬರ್ 15

ಗುಂಡೀ,

ಈ ಕಾಗದವನ್ನು ಮೂರು ಸಲ ಶುರುಮಾಡಿ ಹರಿದೆ. ಬಟ್ಟೆಯಾಗಿದ್ದರೆ ದಂಡವಾಗುತ್ತಿತ್ತು.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದೇ ವರ್ಷಕ್ಕೆ ಎರಡು ಶಾಲೆ ಬದಲಾಯಿಸಿದೆವು. ಎರಡನೆಯ ಶಾಲೆಯಲ್ಲಿ ನೀನು ಯಾರ ಹೆಸರನ್ನೂ ಕೇಳಿಕೊಳ್ಳಲಿಲ್ಲ. "ಫ್ರೆಂಡ್ಸ್ ಯಾರಮ್ಮಾ?" ಅಂದರೆ, "ಬೇಡ ಅಪ್ಪ, ಹೇಗಿದ್ರೂ ಹೋಗ್ತೀವಲ್ಲ" ಅಂದೆ. ಅಷ್ಟು ಚಿಕ್ಕ ಮಗು. ಅದನ್ನು ಕೇಳಿ ನಾವಿಬ್ಬರೂ ಹೆದರಿದೆವು. ಮೂವರಲ್ಲಿ ಒಬ್ಬರಾದರೂ ಒಂದು ಕಡೆ ಬೇರು ಬಿಡಲಿ ಎಂದು ಹಾಸ್ಟೆಲಿಗೆ ಸೇರಿಸಿದೆವು. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ನಿನ್ನನ್ನು ಬಿಟ್ಟು ಬಂದ ಮರುದಿನವೇ ನಿಮ್ಮಮ್ಮ ಆಗಿನ ಸೇತುವೆಯ ಕೆಲಸಕ್ಕೆ ಹೋದಳು. ಆ ಸೇತುವೆಯನ್ನು ಅವಳು ಇವತ್ತಿಗೂ ದಾಟುವುದಿಲ್ಲ, ಸುತ್ತು ಹಾಕಿ ಹೋಗುತ್ತಾಳೆ.

ಪ್ಲಾನ್ ಬಂದ ದಿನ ನಲ್ಲಿ ಅಂತ ಓದಿದ ಕೂಡಲೇ ನನಗೆ ತಿಳಿಯಿತು. ತಿದ್ದಿ ಬರೆಯೋಣವೆಂದು ಪೆನ್ನು ಹಿಡಿದೆ. "ಅದು ನಮ್ಮ ಮನೆಯಲ್ಲ ಮಗಾ" ಎಂದು ಬರೆಯಬೇಕಿತ್ತು. ಆ ಒಂದು ಸಾಲು ಬರೆಯಲಾಗಲಿಲ್ಲ. ಅದಕ್ಕಿಂತ ಬಕೆಟ್ ಹೊರುವುದು ಹಗುರವಾಗಿತ್ತು.

ಬರಲೋ ಬೇಡವೋ ಎಂದು ನೀನು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರವಿಲ್ಲ. ಎಲ್ಲ ಕಡೆಯಿಂದಲೂ ಎದ್ದು ಹೊರಟವನು ನಾನು, ನಿಲ್ಲು ಎಂದು ಯಾವ ಬಾಯಿಂದ ಹೇಳಲಿ? ಹೊರಡು ಎಂದೂ ಹೇಳಲಾರೆ. ರಜಕ್ಕೆ ಬಾ. ನೋಡು. ನೀನು ಏನು ಹೇಳಿದರೂ ನಾನು ಹೂಂ ಅನ್ನುತ್ತೇನೆ.

ಟೊಮೇಟೊ ಗಿಡಗಳನ್ನು ಇನ್ನೂ ಕಿತ್ತಿಲ್ಲ.

ಅಪ್ಪ


ಜನವರಿ 6

ಅಪ್ಪಾ,

ಬಂದು ತಲುಪಿದೆ. ಬಸ್ಸಿನಲ್ಲಿ ಪಕ್ಕದವರು ಭುಜದ ಮೇಲೆ ಮಲಗಿಕೊಂಡರು, ಏಳಿಸಲು ಸಂಕೋಚವಾಗಿ ಒಂದೇ ಭಂಗಿಯಲ್ಲಿ ಬಂದೆ. ಕುತ್ತಿಗೆ ಇನ್ನೂ ನೋಯುತ್ತಿದೆ.

ಮೊದಲ ಎರಡು ದಿನ ನಿಮ್ಮ ಮನೆಯಲ್ಲಿ ನಾನು ನೆಂಟರ ಥರ ಇದ್ದೆ, ನಿನಗೂ ಗೊತ್ತಾಗಿರಬೇಕು. ಚಮಚ ಹುಡುಕಲು ಎದ್ದರೆ ನೀನೇ ಓಡಿಬಂದು ಕೊಡುತ್ತಿದ್ದೆ. ಮೂರನೇ ದಿನ ನಿನ್ನ ಟೇಪು ಕೇಳಿ ತೆಗೆದುಕೊಂಡೆನಲ್ಲ, ಆಗಿನಿಂದ ಸರಿಹೋಯಿತು. ಪಾತಿ ಅಳೆದೆ, ಗೋಡೆ ಅಳೆದೆ, ಕೋಲು ನೆಟ್ಟು ನೆರಳು ಅಳೆದೆ. ಅಮ್ಮ ಬಂದು ಹಿಂದೆ ನಿಂತು, "ಗೋಡೆಯ ದಪ್ಪ ಬಿಟ್ಟೆ ನೋಡು" ಅಂದಳು. ಅವಳು ಖುಷಿಯಾದರೆ ಹೀಗೇ ಮಾತಾಡುವುದೆಂದು ನನಗೆ ತಿಳಿದಿರಲಿಲ್ಲ. ಸುಮ್ಮನಿರಲಾಗದೆ ಇಡೀ ಮನೆಯನ್ನೇ ಅಳೆದೆ. ನಾನಿದ್ದ ಆ ಚಿಕ್ಕ ರೂಮನ್ನೂ ಬಿಡಲಿಲ್ಲ.

ಒಟ್ಟಿಗೆ ಟೊಮೇಟೊ ಕಿತ್ತದ್ದು ನನಗೆ ಬಹಳ ದಿನ ನೆನಪಿರುತ್ತದೆ. "ಇಷ್ಟ್ ಉದ್ದ ಬೆಳೆದ್ರೂ ಒಂದ್ ಕಾಯಿ ಬಿಡ್ಲಿಲ್ಲ ನೋಡು, ನಿಮ್ ಚಿಕ್ಕಪ್ಪನ ಹಾಗೆ" ಅಂದೆಯಲ್ಲ, ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು.

ಹೊಸ ಪ್ಲಾನ್ ಇದರ ಜೊತೆಗಿದೆ. ನಾಲ್ಕನೇ ಪಾತಿ ಇನ್ನು ಸರದಿಯಲ್ಲಿ ಇಲ್ಲ. ಅಲ್ಲಿ ಪಾಲಕ್, ಕೊತ್ತಂಬರಿ, ಪುದೀನ; ಅವಕ್ಕೆ ಅಷ್ಟು ಬಿಸಿಲು ಬೇಡ. ಉಳಿದ ಮೂರು ಪಾತಿಗೆ ಮೂರು ವರ್ಷದ ಸುತ್ತು, ಕೋಸಿಗೂ ಕ್ಯಾರೆಟ್ಟಿಗೂ ಒಂದೇ ಪಾತಿಯಲ್ಲಿ ಅರ್ಧರ್ಧ. ಟೊಮೇಟೊ ಈ ಸಲ ಮೊದಲನೆಯದಕ್ಕೆ. ಮೂರನೆಯದಕ್ಕೆ ಅದು ಕಡೆಯ ವರ್ಷವೇ ಹೋಗಲಿ. ಬೋರ್ಡಿನಲ್ಲಿದ್ದ ಹಳೆಯ ಚಿತ್ರವನ್ನು ನಾನೇ ಕಿತ್ತು, ಯಾಕೆಂದು ಮೇಡಂಗೆ ಹೇಳಿದೆ.

ಇನ್ನೊಂದು ವಿಷಯ. ಇವತ್ತು ವಾರ್ಡನ್ ಹತ್ತಿರ ಹೋಗಿ ರೂಮು ನನಗೇ ಇರಲಿ ಅಂದೆ. ಇಲ್ಲಿ ಎಲ್ಲ ಸರಿಹೋಗಿದೆ ಎಂದಲ್ಲ. ನಿನ್ನೆಯೂ ಮೆಸ್ಸಿನಲ್ಲಿ ಒಂದು ಸುತ್ತು ಹಾಕಿದೆ. ಆದರೆ ಮೊದಲು ನಾನು ಬರಬೇಕೆಂದಿದ್ದ ಮನೆ ಎಲ್ಲೂ ಇರಲಿಲ್ಲ, ಅದಕ್ಕೇ ಅಷ್ಟು ಅವಸರ. ಈಗ ಮನೆ ಇದೆ, ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ. ಇರುವ ಮನೆಗೆ ರಜದಲ್ಲಿ ಬಂದರೂ ನಡೆಯುತ್ತದೆ. ಸ್ವಿಚ್ ಬೋರ್ಡಿಗೆ ಹೇಳಿದಾಗ ಅವಳು, "ಸದ್ಯ. ಲೈಟ್ ಹಾಕ್ಕೊಂಡೇ ಮಲಗೋರು ಯಾರಾದ್ರೂ ಬಂದಿದ್ರೆ ಏನ್ ಮಾಡ್ಲಿ ಅಂತಿದ್ದೆ" ಅಂದಳು. ಅವಳ ಲೆಕ್ಕದಲ್ಲಿ ಅದು ತಬ್ಬಿಕೊಂಡ ಹಾಗೆ.

ಹೂಂ ಅನ್ನುತ್ತೇನೆ ಅಂದಿದ್ದೆ. ಅನ್ನು.

ನಿನ್ನ ಮಗಳು,
ಗುಂಡಿ


ಜನವರಿ 18

ಗುಂಡೀ,

ಹೂಂ.

ಒಳ್ಳೆಯದೇ ಆಯಿತು. ನಿಮ್ಮಮ್ಮನ ಹತ್ತಿರವೂ "ಒಳ್ಳೇದೇ ಆಯ್ತು" ಅಂದೆ. ಅವಳು "ಎಷ್ಟ್ ಸಲ ಹೇಳ್ತೀರಿ?" ಅಂದಳು.

ಪಾಲಕ್ ಬಿತ್ತಿದೆ. ಅದು ನೆರಳಿನಲ್ಲೂ ಹಾಯಾಗಿ ಎದ್ದಿದೆ, ನಿನ್ನ ಬಾಟನಿಗೆ ನನ್ನದೊಂದು ಸಲಾಂ ಹೇಳು.

ಇದನ್ನು ಬರೆಯಬಾರದೆಂದಿದ್ದೆ, ಆದರೆ ನಿಮ್ಮಮ್ಮ ಬಿಡುವ ಹಾಗೆ ಕಾಣುವುದಿಲ್ಲ. ಮತ್ತೆ ಅವಳೇ ವರದಿ ಬರೆಯುವುದಕ್ಕಿಂತ ನಾನೇ ಹೇಳುವುದು ವಾಸಿ. ನೀನು ಮಲಗುತ್ತಿದ್ದ ಚಿಕ್ಕ ರೂಮು ಖಾಲಿ ರೂಮಾಗಿರಲಿಲ್ಲ. ಅದು ನನ್ನ ಹೊಲಿಗೆ ರೂಮು, ಹಿಂದೆ ಬಂದಾಗ ಓದಿನ ಮಧ್ಯೆ ನೀನು ಅತ್ತ ಬಂದೇ ಇರಲಿಲ್ಲ. ಜುಲೈನಲ್ಲಿ ನಿನ್ನ ಕಾಗದ ಬಂದ ಮರುದಿನವೇ ಮಿಷನ್ನನ್ನು ಹೊರಗೆ ಪ್ಯಾಸೇಜಿಗೆ ತಂದೆ. ಗೋಡೆಗೆ ಬಣ್ಣ ನಿಮ್ಮಮ್ಮ ಹೊಡೆದಳು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಜೆ ಹಾಕಿ. ನೀನು ಬರುವುದು ಬೇಡವೆಂದಲ್ಲ ನಾವು ಸುಮ್ಮನಿದ್ದದ್ದು. ಬಾ ಅಂದರೆ ನೀನು ನಮಗೋಸ್ಕರ ಬಂದುಬಿಡುತ್ತೀಯೆಂದು.

ಈಗ ಅವಳು ದಿನಾ ಕೇಳುತ್ತಾಳೆ: "ಮಿಷನ್ ಒಳಗೆ ತರ್ತೀರೋ, ಪ್ಯಾಸೇಜಲ್ಲೇ ಕಣ್ಣು ಕಳ್ಕೋತೀರೋ?" ಬೆಳಕು ಇಲ್ಲೇ ಚೆನ್ನಾಗಿದೆ ಎಂದಿದ್ದೇನೆ. ಹೋದ ವಾರ ಕಪ್ಪು ಅಂಗಿಗೆ ನೀಲಿ ದಾರದಲ್ಲಿ ಕಾಜ ಹೊಲಿದೆ. ಗಿರಾಕಿ ಫ್ಯಾಷನ್ ಅಂದುಕೊಂಡು ಹಾಕಿಕೊಂಡು ಹೋದರು.

ರೂಮು ಹಾಗೇ ಇರಲಿ. ಅವಸರವೇನಿದೆ.

ಅಪ್ಪ


ಜನವರಿ 25

ಅಪ್ಪಾ,

ಮಿಷನ್ ಇವತ್ತೇ ಒಳಗೆ ತೆಗೆದುಕೊಂಡು ಹೋಗು.

ಆ ರೂಮನ್ನು ನಾನು ಮೂಲೆಮೂಲೆಯೂ ಅಳೆದಿದ್ದೇನೆ. ಮಂಚವನ್ನು ಅಡ್ಡ ತಿರುಗಿಸಿ ಬಾಗಿಲ ಹಿಂದಿನ ಗೋಡೆಗೆ ಒತ್ತು. ಬಾಗಿಲು ಸ್ವಲ್ಪ ತಾಗುತ್ತದೆ, ತಾಗಲಿ. ಆಗ ಕಿಟಕಿಯ ಕೆಳಗೆ ಮಿಷನ್ ಹಿಡಿಯುತ್ತದೆ, ನಿನ್ನ ಸ್ಟೂಲ್ ಹಿಡಿಯುತ್ತದೆ, ಎಡಗಡೆ ಕತ್ತರಿಸಿದ ಬಟ್ಟೆ ಇಡಲು ಒಂದು ಮೊಳ ಜಾಗವೂ ಉಳಿಯುತ್ತದೆ. ಬೆಳಗಿನ ಬಿಸಿಲು ನೇರವಾಗಿ ಸೂಜಿಯ ಮೇಲೆ ಬೀಳುತ್ತದೆ. ನಾನು ಏಪ್ರಿಲ್‌ನಲ್ಲಿ ಬಂದಾಗ ನೀನು ಎಷ್ಟು ಬೇಗ ಹೊಲಿಯಲು ಕೂತರೂ ಬೈಯುವುದಿಲ್ಲ, ಮುಸುಕು ಹೊದ್ದು ಮಲಗುತ್ತೇನೆ.

ಮಂಚ ಮಾತ್ರ ತೆಗೆಯಬೇಡ.

ಗುಂಡಿ